ಕಾರಿನ ಎಂಜಿನ್ ತೈಲದ ಆಯ್ಕೆ

ಎಂಜಿನ್ ತೈಲ ಎಂಬುದು ಅಂತರ್ದಹನ ಎಂಜಿನ್ನಿನೊಳಗೆ ಒಂದಕ್ಕೊಂದು ತಾಗಿ ಚಲಿಸುವ ಲೋಹದ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು, ಘರ್ಷಣೆಯನ್ನೂ ಸವೆತವನ್ನೂ ತಗ್ಗಿಸುವ ಕೀಲೆಣ್ಣೆ. ಆಡುಮಾತಿನಲ್ಲಿ ಇದನ್ನು ‘ಎಂಜಿನ್ ಆಯಿಲ್’ ಅಥವಾ ಬರಿದೇ ‘ಆಯಿಲ್’ ಎನ್ನುತ್ತಾರೆ. ಒಂದು ಕಾರಿಗೆ ಯಾವ ತೈಲ ಯೋಗ್ಯವೆಂಬುದನ್ನು ಮೂರು ಅಂಶಗಳು ನಿರ್ಧರಿಸುತ್ತವೆ: ತೈಲದ ಸ್ನಿಗ್ಧತೆಯ ದರ್ಜೆ, ಅದರ ಗುಣಮಟ್ಟದ ವರ್ಗ ಮತ್ತು ಕಾರು ತಯಾರಕರು ವಿಧಿಸಿರುವ ವಿಶೇಷ ಅನುಮೋದನೆ. ಇವು ಕಾರಿನೊಡನೆ ಕೊಡಲಾಗುವ ಮಾಲೀಕರ ಕೈಪಿಡಿಯಲ್ಲಿ ಮುದ್ರಿತವಾಗಿರುತ್ತವೆ. ಬ್ರ್ಯಾಂಡ್ ಮತ್ತು ಬೆಲೆಗಳ ವಿಚಾರ ಇವುಗಳ ನಂತರದ್ದು.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಂತಹ ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲು, ಹೊಲದ ರಸ್ತೆಗಳ ಧೂಳು ಮತ್ತು ಕಬ್ಬು ಸಾಗಣೆಯ ಕಾಲದ ನಿಧಾನಗತಿಯ ಸಂಚಾರ ತೈಲವನ್ನು ಪರೀಕ್ಷೆಗೆ ಒಡ್ಡುತ್ತವೆ. ‘ಬಿಸಿಲಿನ ಸೀಮೆಗೆ ಮಂದ ಎಣ್ಣೆಯೇ ಲೇಸು’ ಎಂಬ ಮಾತು ಹಳೆಯ ಎಂಜಿನ್‌ಗಳ ಕಾಲದಲ್ಲಿ ಒಂದು ಮಟ್ಟಿಗೆ ಸರಿಯಾಗಿತ್ತು. ಇಂದಿನ ಕಾರುಗಳ ವಿಷಯದಲ್ಲಿ ಅದು ನಷ್ಟಕ್ಕೆ ದಾರಿಯಾಗಬಹುದು.

## ಹಿನ್ನೆಲೆ

ಉರುಳುವ ಭಾಗಗಳಿಗೆ ಎಣ್ಣೆ ಹಾಕುವ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲ. ಚಕ್ಕಡಿಯ ಅಚ್ಚಿಗೆ ಹರಳೆಣ್ಣೆಯನ್ನು ಸುಟ್ಟ ಹುಲ್ಲಿನ ಮಸಿಯೊಡನೆ ಕಲಸಿ ಹಚ್ಚುವ ರೂಢಿಯಿತ್ತು. ‘ಕೀಲೆಣ್ಣೆ’ ಎಂಬ ಪದ ಅಲ್ಲಿಂದಲೇ ಬಂದುದು. ಮೋಟಾರು ವಾಹನ ಮತ್ತು ವಿಮಾನಗಳ ಆರಂಭದ ದಿನಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿಯೂ ಹರಳೆಣ್ಣೆಯ ಬಳಕೆಯಿತ್ತು. ಕ್ಯಾಸ್ಟ್ರಾಲ್ ಎಂಬ ವ್ಯಾಪಾರನಾಮ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಹುಟ್ಟಿತು. ಕಾಲಕ್ರಮದಲ್ಲಿ ಕಚ್ಚಾ ಪೆಟ್ರೋಲಿಯಂನಿಂದ ಶುದ್ಧೀಕರಿಸಿದ ಖನಿಜ ತೈಲ ಆ ಸ್ಥಾನವನ್ನು ಪಡೆಯಿತು.

ಮಾರುಕಟ್ಟೆಯಲ್ಲಿ ಬಗೆಬಗೆಯ ತೈಲಗಳು ಬಂದಾಗ ಅವುಗಳನ್ನು ಹೋಲಿಸಲು ಒಂದು ಸಾಮಾನ್ಯ ಅಳತೆ ಬೇಕಾಯಿತು. ಅಮೆರಿಕದಲ್ಲಿ 1905ರಲ್ಲಿ ಸ್ಥಾಪನೆಯಾದ ವಾಹನ ಎಂಜಿನಿಯರುಗಳ ಸಂಘ, ಅಂದರೆ ಎಸ್‌ಎಇ, 1911ರಲ್ಲಿ ಸ್ನಿಗ್ಧತೆಯ ಮೊದಲ ವರ್ಗೀಕರಣವನ್ನು ಪ್ರಕಟಿಸಿತು. ಹಲವು ಬಾರಿ ಪರಿಷ್ಕರಣೆಗೊಂಡ ಅದರ ಇಂದಿನ ರೂಪವೇ ‘ಜೆ300’ ಮಾನದಂಡ. ಭಾರತದ ಅಂಗಡಿಗಳಲ್ಲಿ ಮಾರಾಟವಾಗುವ ಡಬ್ಬಿಗಳ ಮೇಲೆ ಕಾಣುವ ‘5ಡಬ್ಲ್ಯು-30’ ಮೊದಲಾದ ಗುರುತುಗಳು ಇದೇ ಮಾನದಂಡದವು.

## ಎಂಜಿನ್ ತೈಲದ ಕಾರ್ಯಗಳು

ಎಂಜಿನ್ನಿನ ತಳದ ತೊಟ್ಟಿಯಲ್ಲಿರುವ ತೈಲವನ್ನು ಒಂದು ಪಂಪು ಮೇಲೆತ್ತಿ, ಶೋಧಕದ ಮೂಲಕ ಹಾಯಿಸಿ, ಕಿರಿದಾದ ನಾಳಗಳಲ್ಲಿ ಎಲ್ಲ ಭಾಗಗಳಿಗೂ ತಲುಪಿಸುತ್ತದೆ. ಅಲ್ಲಿ ಅದು ಮಾಡುವ ಕೆಲಸಗಳು ಹೀಗಿವೆ:

- ಘರ್ಷಣೆಯ ತಡೆ: ಕ್ರ್ಯಾಂಕ್‌ಶಾಫ್ಟ್, ಬೇರಿಂಗ್, ಪಿಸ್ಟನ್ ಮತ್ತು ಕ್ಯಾಮ್‌ಶಾಫ್ಟ್‌ಗಳ ನಡುವೆ ಪದರವಾಗಿ ನಿಂತು ಲೋಹಕ್ಕೆ ಲೋಹ ತಾಗದಂತೆ ನೋಡಿಕೊಳ್ಳುವುದು.
- ತಂಪು: ತಂಪುನೀರು ತಲುಪದ ಪಿಸ್ಟನ್ನಿನ ಒಳಭಾಗ, ಟರ್ಬೊ ಅಚ್ಚು ಮೊದಲಾದ ಕಡೆಗಳಿಂದ ಶಾಖವನ್ನು ಹೊತ್ತು ತರುವುದು.
- ಶುಚಿ: ಇಂಧನ ಉರಿದಾಗ ಉಂಟಾಗುವ ಮಸಿ ಮತ್ತು ಜಿಡ್ಡನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು.
- ಮುಚ್ಚುಗೆ: ಪಿಸ್ಟನ್ ರಿಂಗ್ ಹಾಗೂ ಸಿಲಿಂಡರ್ ಗೋಡೆಯ ನಡುವಣ ಸೂಕ್ಷ್ಮ ಸಂದನ್ನು ತುಂಬಿ ಒತ್ತಡ ಸೋರದಂತೆ ತಡೆಯುವುದು.
- ರಕ್ಷಣೆ: ದಹನದಿಂದ ಹುಟ್ಟುವ ಆಮ್ಲಗಳನ್ನು ಶಮನಗೊಳಿಸಿ, ತುಕ್ಕು ಹಿಡಿಯದಂತೆ ಕಾಯುವುದು.
- ಒತ್ತಡದ ಸಾಗಣೆ: ಕವಾಟಗಳ ಸಮಯವನ್ನು ಬದಲಿಸುವ ಆಧುನಿಕ ವ್ಯವಸ್ಥೆಗಳನ್ನು ತೈಲದ ಒತ್ತಡದಿಂದಲೇ ನಡೆಸುವುದು.

ಕೊನೆಯ ಕಾರ್ಯ ಹಳೆಯ ಕಾರುಗಳಲ್ಲಿ ಇರಲಿಲ್ಲ. ತೈಲದ ಆಯ್ಕೆಯಲ್ಲಿ ಇಂದು ಹೆಚ್ಚಿನ ಎಚ್ಚರ ಬೇಕಾಗಿರುವುದಕ್ಕೆ ಇದೂ ಒಂದು ಕಾರಣ.

## ಸಂಯೋಜನೆ

ಎಂಜಿನ್ ತೈಲದ ಬಹುಪಾಲು ಮೂಲ ತೈಲ. ಉಳಿದುದು ಸೇರ್ಪಡೆ ರಾಸಾಯನಿಕಗಳು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಮೂಲ ತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಗುಂಪುಗಳು ಸಾಮಾನ್ಯ ಖನಿಜ ತೈಲಗಳು. ಮೂರನೆಯದು ಹೈಡ್ರೋಜನ್ ಸಂಸ್ಕರಣೆಯಿಂದ ಬಹುವಾಗಿ ಶುದ್ಧಗೊಳಿಸಿದ್ದು. ನಾಲ್ಕನೆಯದು ಪಾಲಿಆಲ್ಫಾಓಲಿಫಿನ್ ಎಂಬ ಸಂಶ್ಲೇಷಿತ ದ್ರವ. ಈ ನಾಲ್ಕರಲ್ಲಿ ಸೇರದ ಎಸ್ಟರ್ ಮೊದಲಾದವು ಐದನೆಯ ಗುಂಪಿನವು.

ಮಾರುಕಟ್ಟೆಯಲ್ಲಿ ತೈಲಗಳನ್ನು ‘ಮಿನರಲ್’, ‘ಸೆಮಿ ಸಿಂಥೆಟಿಕ್’ ಮತ್ತು ‘ಸಿಂಥೆಟಿಕ್’ ಎಂಬ ಮೂರು ಹೆಸರುಗಳಿಂದ ಮಾರುತ್ತಾರೆ. ಸಂಶ್ಲೇಷಿತ ತೈಲ ಹೆಚ್ಚಿನ ಶಾಖದಲ್ಲಿ ಬೇಗ ಕೆಡುವುದಿಲ್ಲ, ಚಳಿಯಲ್ಲಿ ಬೇಗ ಹರಿಯುತ್ತದೆ, ಆವಿಯಾಗುವುದೂ ಕಡಿಮೆ. ಆದರೆ ‘ಸಿಂಥೆಟಿಕ್’ ಎಂಬ ಪದ ಮಾತ್ರದಿಂದ ತೈಲ ಒಂದು ಕಾರಿಗೆ ಹೊಂದುತ್ತದೆಂದು ಹೇಳಲಾಗದು. ದರ್ಜೆ ಮತ್ತು ವರ್ಗ ತಪ್ಪಾಗಿದ್ದರೆ ಎಷ್ಟು ದುಬಾರಿಯ ತೈಲವಾದರೂ ಆ ಎಂಜಿನ್ನಿಗೆ ಅದು ತಪ್ಪು ತೈಲವೇ.

ಸೇರ್ಪಡೆ ರಾಸಾಯನಿಕಗಳಲ್ಲಿ ಶುಚಿಕಾರಕಗಳು, ಮಸಿಯನ್ನು ತೇಲಿಸುವ ಪದಾರ್ಥಗಳು, ನೊರೆ ನಿರೋಧಕಗಳು, ಸವೆತ ತಡೆಯುವ ಸತು ಮತ್ತು ರಂಜಕದ ಸಂಯುಕ್ತಗಳು ಸೇರಿವೆ. ಕಾಲ ಕಳೆದಂತೆ ಇವು ಖರ್ಚಾಗುತ್ತವೆ. ನೋಡಲು ತಿಳಿಯಾಗಿರುವ ತೈಲವನ್ನೂ ಅವಧಿ ಮುಗಿದಾಗ ಬದಲಿಸಬೇಕಾಗುವುದು ಇದರಿಂದಲೇ.

## ಸ್ನಿಗ್ಧತೆಯ ದರ್ಜೆ

ದ್ರವವು ಹರಿಯುವಿಕೆಗೆ ಒಡ್ಡುವ ತಡೆಯೇ ಸ್ನಿಗ್ಧತೆ. ನೀರು ಸರಾಗವಾಗಿ ಹರಿಯುತ್ತದೆ, ಕಾಕಂಬಿ ನಿಧಾನವಾಗಿ ಹರಿಯುತ್ತದೆ. ಕಾಕಂಬಿಯ ಸ್ನಿಗ್ಧತೆ ಹೆಚ್ಚು. ಎಲ್ಲ ಎಣ್ಣೆಗಳೂ ಕಾದಾಗ ತೆಳುವಾಗುತ್ತವೆ, ತಣಿದಾಗ ಮಂದವಾಗುತ್ತವೆ. ಎಂಜಿನ್ ತೈಲವು ತಣ್ಣಗಿರುವಾಗ ಪಂಪಿಗೆ ಸಿಗುವಷ್ಟು ತೆಳುವಾಗಿಯೂ, ಕಾದಾಗ ಪದರ ಹರಿಯದಷ್ಟು ಮಂದವಾಗಿಯೂ ಇರಬೇಕು. ಎರಡು ಸಂಖ್ಯೆಗಳ ದರ್ಜೆ ಈ ಎರಡು ಅಗತ್ಯಗಳನ್ನು ಹೇಳುತ್ತದೆ.

‘5ಡಬ್ಲ್ಯು-30’ ಎಂಬಲ್ಲಿ ‘ಡಬ್ಲ್ಯು’ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಸಂಖ್ಯೆ ಕಡಿಮೆಯಾದಷ್ಟೂ ತೈಲ ಚಳಿಯಲ್ಲಿ ಬೇಗ ಹರಿಯುತ್ತದೆ. ನಂತರದ ಸಂಖ್ಯೆ ಕಾದ ಎಂಜಿನ್ನಿನಲ್ಲಿ ತೈಲ ಉಳಿಸಿಕೊಳ್ಳುವ ಮಂದತೆಯನ್ನು ತಿಳಿಸುತ್ತದೆ. ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. ಈ ಸಂಖ್ಯೆಗಳು ಉಷ್ಣತೆಯ ಡಿಗ್ರಿಗಳಲ್ಲ, ದರ್ಜೆಯ ಹೆಸರುಗಳು ಮಾತ್ರ.

| ಚಳಿಯ ದರ್ಜೆ | ಎಂಜಿನ್ ತಿರುಗಿಸುವ ಪರೀಕ್ಷೆಯ ಉಷ್ಣತೆ |
|---|---|
| 0ಡಬ್ಲ್ಯು | −35 ಡಿಗ್ರಿ ಸೆಲ್ಸಿಯಸ್ |
| 5ಡಬ್ಲ್ಯು | −30 ಡಿಗ್ರಿ ಸೆಲ್ಸಿಯಸ್ |
| 10ಡಬ್ಲ್ಯು | −25 ಡಿಗ್ರಿ ಸೆಲ್ಸಿಯಸ್ |
| 15ಡಬ್ಲ್ಯು | −20 ಡಿಗ್ರಿ ಸೆಲ್ಸಿಯಸ್ |
| 20ಡಬ್ಲ್ಯು | −15 ಡಿಗ್ರಿ ಸೆಲ್ಸಿಯಸ್ |

| ಬಿಸಿಯ ದರ್ಜೆ | 100 ಡಿಗ್ರಿಯಲ್ಲಿ ಸ್ನಿಗ್ಧತೆ (ಸೆಂಟಿಸ್ಟೋಕ್ಸ್) |
|---|---|
| 20 | 6.9 ರಿಂದ 9.3ರ ಒಳಗೆ |
| 30 | 9.3 ರಿಂದ 12.5ರ ಒಳಗೆ |
| 40 | 12.5 ರಿಂದ 16.3ರ ಒಳಗೆ |
| 50 | 16.3 ರಿಂದ 21.9ರ ಒಳಗೆ |

ಇಂಧನ ಉಳಿತಾಯಕ್ಕಾಗಿ ಇನ್ನೂ ತೆಳುವಾದ ತೈಲಗಳ ಅಗತ್ಯ ಕಂಡುಬಂದಾಗ 2013ರಲ್ಲಿ 16ರ ದರ್ಜೆಯನ್ನೂ, 2015ರಲ್ಲಿ 12 ಮತ್ತು 8ರ ದರ್ಜೆಗಳನ್ನೂ ಸೇರಿಸಲಾಯಿತು. ಇದಲ್ಲದೆ, 150 ಡಿಗ್ರಿ ಶಾಖದಲ್ಲಿ ವೇಗವಾಗಿ ಉಜ್ಜಿದಾಗಲೂ ಪದರ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಂಬುದನ್ನು ಅಳೆಯುವ ಪ್ರತ್ಯೇಕ ಪರೀಕ್ಷೆಯೊಂದಿದೆ. ಬೇರಿಂಗ್‌ಗಳ ರಕ್ಷಣೆಯನ್ನು ಅಂದಾಜು ಮಾಡಲು ಆ ಅಳತೆ ಹೆಚ್ಚು ಉಪಯುಕ್ತ.

## ಗುಣಮಟ್ಟದ ವರ್ಗಗಳು

ಒಂದೇ ಸ್ನಿಗ್ಧತೆಯ ಎರಡು ತೈಲಗಳ ಗುಣ ಒಂದೇ ಆಗಿರಬೇಕೆಂದಿಲ್ಲ. ಗುಣವನ್ನು ತಿಳಿಸುವುದು ಡಬ್ಬಿಯ ಮೇಲಿನ ಎರಡನೆಯ ಗುರುತು.

ಎಪಿಐ ವರ್ಗಗಳು: ಪೆಟ್ರೋಲ್ ಎಂಜಿನ್‌ಗಳ ವರ್ಗ ‘ಎಸ್’ ಅಕ್ಷರದಿಂದ, ಡೀಸೆಲ್ ಎಂಜಿನ್‌ಗಳ ವರ್ಗ ‘ಸಿ’ ಅಕ್ಷರದಿಂದ ಆರಂಭವಾಗುತ್ತದೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಸಾಗಿದಂತೆ ವರ್ಗ ಹೊಸದಾಗುತ್ತದೆ. ‘ಎಸ್‌ಎಲ್’ 2001ರಲ್ಲಿ, ‘ಎಸ್‌ಎಂ’ 2004ರಲ್ಲಿ, ‘ಎಸ್‌ಎನ್’ 2010ರಲ್ಲಿ, ‘ಎಸ್‌ಪಿ’ 2020ರಲ್ಲಿ ಜಾರಿಗೆ ಬಂದವು. ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವ ದೋಷವನ್ನೂ, ಟೈಮಿಂಗ್ ಚೈನ್ ಸವೆತವನ್ನೂ ತಡೆಯುವ ಪರೀಕ್ಷೆಗಳು ‘ಎಸ್‌ಪಿ’ ವರ್ಗದಲ್ಲಿ ಸೇರಿವೆ. ಡೀಸೆಲ್ ವರ್ಗಗಳಲ್ಲಿ ‘ಸಿಐ-4’ 2002ರದು, ‘ಸಿಕೆ-4’ 2016ರದು.

ಎಸಿಇಎ ವರ್ಗಗಳು: ಯುರೋಪಿನ ವಾಹನ ತಯಾರಕರ ಸಂಘ ರೂಪಿಸಿರುವ ವರ್ಗಗಳಿವು. ಇವುಗಳಲ್ಲಿ ‘ಸಿ2’, ‘ಸಿ3’ ಮೊದಲಾದ ‘ಸಿ’ ವರ್ಗದ ತೈಲಗಳಲ್ಲಿ ಬೂದಿ ಉಳಿಸುವ ಪದಾರ್ಥಗಳ ಪ್ರಮಾಣ ಕಡಿಮೆ. ಹೊಗೆ ಶೋಧಕವಿರುವ ಕಾರುಗಳಿಗೆ ಇವು ಬೇಕಾಗುತ್ತವೆ. ಎಪಿಐ ಡೀಸೆಲ್ ವರ್ಗದ ‘ಸಿ’ಗೂ ಎಸಿಇಎಯ ‘ಸಿ’ಗೂ ಸಂಬಂಧವಿಲ್ಲ, ಡಬ್ಬಿ ಓದುವಾಗ ಈ ವ್ಯತ್ಯಾಸವನ್ನು ಗಮನಿಸಬೇಕು.

ಭಾರತೀಯ ಮಾನಕ: ಭಾರತೀಯ ಮಾನಕ ಬ್ಯೂರೋ ಎಂಜಿನ್ ತೈಲಗಳಿಗೆ ಐಎಸ್ 13656 ಎಂಬ ಮಾನಕವನ್ನು ರೂಪಿಸಿದೆ.

ತಯಾರಕರ ಅನುಮೋದನೆ: ಕೆಲವು ಕಾರು ಕಂಪನಿಗಳು ತಮ್ಮದೇ ಪರೀಕ್ಷೆ ನಡೆಸಿ ತೈಲಗಳಿಗೆ ಸಂಖ್ಯೆ ನೀಡುತ್ತವೆ. ಫೋಕ್ಸ್‌ವ್ಯಾಗನ್ ಕಂಪನಿಯ 507 00 ಮತ್ತು ಮರ್ಸಿಡಿಸ್ ಬೆಂಜ್ ಕಂಪನಿಯ 229.51 ಇದಕ್ಕೆ ಉದಾಹರಣೆಗಳು. ಕೈಪಿಡಿ ಇಂತಹ ಸಂಖ್ಯೆಯನ್ನು ಕೇಳಿದ್ದರೆ ಡಬ್ಬಿಯ ಮೇಲೂ ಅದೇ ಸಂಖ್ಯೆಯಿರಬೇಕು.

## ಭಾರತ್ ಸ್ಟೇಜ್ 6 ಮತ್ತು ತೈಲದ ಆಯ್ಕೆ

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ಹೊಗೆ ನಿಯಮಗಳು ಜಾರಿಗೆ ಬಂದವು. ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ‘ಡಿಪಿಎಫ್’ ಎಂಬ ಶೋಧಕ ಸಾಮಾನ್ಯವಾಯಿತು.

ಈ ಶೋಧಕದಲ್ಲಿ ಸಂಗ್ರಹವಾದ ಮಸಿಯನ್ನು ಎಂಜಿನ್ ಆಗಾಗ ತಾನೇ ಸುಟ್ಟುಹಾಕುತ್ತದೆ. ಆದರೆ ಎಂಜಿನ್ ತೈಲ ಉರಿದು ಉಳಿಯುವ ಲೋಹದ ಬೂದಿ ಸುಡುವುದಿಲ್ಲ. ಶೋಧಕದಲ್ಲಿಯೇ ಕುಳಿತು ಅದನ್ನು ಮುಚ್ಚುತ್ತ ಹೋಗುತ್ತದೆ. ಹೆಚ್ಚು ಬೂದಿಯ ಹಳೆಯ ವರ್ಗದ ತೈಲವನ್ನು ಇಂತಹ ಕಾರಿಗೆ ಹಾಕಿದರೆ ಶೋಧಕ ಅಕಾಲದಲ್ಲಿ ಕಟ್ಟಿಕೊಳ್ಳುತ್ತದೆ. ಹೊಸ ಶೋಧಕದ ಬೆಲೆಯ ಮುಂದೆ ತೈಲದಲ್ಲಿ ಉಳಿಸಿದ ಹಣ ಲೆಕ್ಕಕ್ಕೇ ಬರುವುದಿಲ್ಲ.

ಶೋಧಕದ ಸ್ವಯಂ ಶುದ್ಧಿಗೆ ಕೆಲಹೊತ್ತು ಬಿಡುವಿಲ್ಲದ ಓಟ ಬೇಕು. ಆ ವೇಳೆ ಹಲವು ಎಂಜಿನ್‌ಗಳಲ್ಲಿ ಹೆಚ್ಚುವರಿ ಡೀಸೆಲ್ ಸಿಂಪಡಿಸಲ್ಪಡುತ್ತದೆ. ಓಟ ಅರ್ಧಕ್ಕೆ ನಿಂತು ಶುದ್ಧಿ ಮತ್ತೆ ಮತ್ತೆ ಮೊಟಕುಗೊಂಡರೆ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ತೈಲದ ತೊಟ್ಟಿ ಸೇರುತ್ತದೆ. ಆಗ ತೈಲದ ಮಟ್ಟ ತಗ್ಗುವ ಬದಲು ಏರುತ್ತದೆ, ತೈಲ ತೆಳುವಾಗುತ್ತದೆ. ಮಟ್ಟ ಏರಿರುವುದನ್ನು ‘ಆಯಿಲ್ ಖರ್ಚಾಗಿಲ್ಲ’ ಎಂದು ತಿಳಿದು ಸಂತೋಷಪಡುವುದು ತಪ್ಪು. ಅದು ಎಚ್ಚರಿಕೆಯ ಗುರುತು.

## ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಪರಿಸರದಲ್ಲಿ

ಗೋಕಾಕ ತಾಲ್ಲೂಕು, ಅದರಿಂದ ಬೇರ್ಪಟ್ಟು ರಚನೆಯಾದ ಮೂಡಲಗಿ ತಾಲ್ಲೂಕು ಮತ್ತು ನೆರೆಯ ಹುಕ್ಕೇರಿ ತಾಲ್ಲೂಕು ಘಟಪ್ರಭಾ ನದಿಯ ಆಸರೆಯಲ್ಲಿವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಮತ್ತು ಘಟಪ್ರಭಾ ಕಾಲುವೆಗಳ ನೀರಾವರಿಯಿಂದ ಇಲ್ಲಿ ಕಬ್ಬು ಮುಖ್ಯ ಬೆಳೆಯಾಗಿದೆ. ಇಲ್ಲಿಯ ಕಾರು ಬಳಕೆಯ ರೀತಿಗೂ ತೈಲದ ಬಾಳಿಕೆಗೂ ನೇರ ಸಂಬಂಧವಿದೆ.

### ಹವಾಮಾನ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುವುದುಂಟು. ಆದರೆ ಎಂಜಿನ್ನಿನ ಒಳಗಿನ ಲೆಕ್ಕವೇ ಬೇರೆ. ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸೇರಿ ತಂಪುನೀರನ್ನು ಸುಮಾರು 90 ಡಿಗ್ರಿಯ ಸುತ್ತ ಹಿಡಿದಿಡುತ್ತವೆ; ತೈಲ ಸಾಮಾನ್ಯವಾಗಿ 90ರಿಂದ 110 ಡಿಗ್ರಿಯ ನಡುವೆ ಇರುತ್ತದೆ. ಹೊರಗೆ 20 ಡಿಗ್ರಿಯಿರಲಿ, 40 ಡಿಗ್ರಿಯಿರಲಿ, ಸುಸ್ಥಿತಿಯ ಎಂಜಿನ್ನಿನಲ್ಲಿ ಈ ಅಂಕಿ ಬಹಳವಾಗಿ ಬದಲಾಗುವುದಿಲ್ಲ. ಆದುದರಿಂದ ‘ಬಿಸಿಲಿದೆ’ ಎಂಬ ಒಂದೇ ಕಾರಣಕ್ಕೆ 0ಡಬ್ಲ್ಯು-20 ಕೇಳುವ ಕಾರಿಗೆ 20ಡಬ್ಲ್ಯು-50 ಹಾಕುವುದು ಸರಿಯಲ್ಲ. ಎಂಜಿನ್ ಅತಿಯಾಗಿ ಕಾಯುತ್ತಿದ್ದರೆ ದೋಷವನ್ನು ರೇಡಿಯೇಟರ್, ಪಂಖಾ ಅಥವಾ ತಂಪುನೀರಿನಲ್ಲಿ ಹುಡುಕಬೇಕು.

ಚಳಿಗಾಲದಲ್ಲಿಯೂ ಇಲ್ಲಿ ಹಿಮ ಬೀಳುವಂತಹ ಚಳಿಯಿಲ್ಲ. ಹಾಗಾದರೆ 0ಡಬ್ಲ್ಯು ತೈಲ ಇಲ್ಲಿಗೇಕೆ ಎಂಬ ಪ್ರಶ್ನೆ ಸಹಜ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ತೈಲ ತೊಟ್ಟಿಗೆ ಇಳಿದಿರುತ್ತದೆ. ಬೆಳಿಗ್ಗೆ ಚಾಲನೆ ಕೊಟ್ಟ ಮೊದಲ ಕ್ಷಣಗಳಲ್ಲಿ ಅದು ಎಷ್ಟು ಬೇಗ ಮೇಲಿನ ಭಾಗಗಳನ್ನು ತಲುಪುವುದೋ ಸವೆತ ಅಷ್ಟು ಕಡಿಮೆ. ತೆಳುವಾದ ತೈಲಕ್ಕೆಂದೇ ರೂಪಿಸಿದ ಎಂಜಿನ್‌ಗಳಲ್ಲಿ ಬೇರಿಂಗಿನ ಸಂದು, ಪಂಪಿನ ಶಕ್ತಿ, ನಾಳಗಳ ಅಗಲ ಎಲ್ಲವೂ ಅದಕ್ಕೆ ಹೊಂದಿಕೊಂಡಿರುತ್ತವೆ.

### ರಸ್ತೆ ಮತ್ತು ಬಳಕೆ

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೂಲಕ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಬೆಳಗಾವಿಯ ಕಡೆ ವಂಟಮುರಿ ಘಾಟ್, ನಿಪ್ಪಾಣಿಯ ಕಡೆ ತವಂದಿ ಘಾಟ್ ಇವೆ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಮಾರ್ಗವಾಗಿ ಅಂಬೋಲಿ ಘಾಟ್ ಇಳಿದು ಕೊಂಕಣಕ್ಕೆ ಹೋಗುವ ದಾರಿಯೂ ಇದೆ. ಹೆದ್ದಾರಿಯಲ್ಲಿ ಒಂದೇ ವೇಗದ ದೀರ್ಘ ಓಟ ತೈಲಕ್ಕೆ ಹಿತಕರ. ತುಂಬಿದ ಕಾರಿನೊಡನೆ ಘಾಟ್ ಏರುವುದು ಶ್ರಮದಾಯಕ.

ಇದಕ್ಕೆ ವ್ಯತಿರಿಕ್ತವಾಗಿ ಮನೆಯಿಂದ ಹೊಲಕ್ಕೆ, ಹೊಲದಿಂದ ಪೇಟೆಗೆ ಎರಡು–ಮೂರು ಕಿಲೋಮೀಟರ್‌ಗಳ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ದಹನದಿಂದ ಹುಟ್ಟಿದ ನೀರಾವಿ ಮತ್ತು ಇಂಧನದ ಅಂಶ ಆವಿಯಾಗಿ ಹೋಗದೆ ತೈಲದಲ್ಲಿಯೇ ಉಳಿಯುತ್ತವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳ ಸಾಲಿನ ಹಿಂದೆ ಆಮೆಗತಿಯಲ್ಲಿ ಸಾಗುವಾಗ ಕಿಲೋಮೀಟರ್ ಕಡಿಮೆಯಾದರೂ ಎಂಜಿನ್ ತಿರುಗಿದ ಗಂಟೆಗಳು ಹೆಚ್ಚು. ಧೂಳು ಗಾಳಿ ಶೋಧಕವನ್ನು ದಾಟಿ ಒಳಬಂದರೆ ತೈಲದಲ್ಲಿ ಸೇರಿ ಉಜ್ಜುಕಾಗದದಂತೆ ಲೋಹವನ್ನು ಸವೆಸುತ್ತದೆ. ಬಹುತೇಕ ಕೈಪಿಡಿಗಳು ಇವೆಲ್ಲವನ್ನೂ ‘ಕಠಿಣ ಬಳಕೆ’ ಎಂದು ಕರೆದು, ತೈಲವನ್ನು ಬೇಗ ಬದಲಿಸಲು ಸೂಚಿಸುತ್ತವೆ. ಈ ಸೀಮೆಯ ಬಳಕೆದಾರರು ಮಾಡಿಕೊಳ್ಳಬೇಕಾದ ಹೊಂದಾಣಿಕೆ ಇದುವೇ: ತೈಲದ ದರ್ಜೆಯನ್ನು ಬದಲಿಸದೆ, ಬದಲಾವಣೆಯ ಅವಧಿಯನ್ನು ತಗ್ಗಿಸುವುದು.

### ಟ್ರ್ಯಾಕ್ಟರ್ ತೈಲ ಮತ್ತು ಕಾರು

ಟ್ರ್ಯಾಕ್ಟರೂ ಕಾರೂ ಇರುವ ಕೃಷಿಕ ಕುಟುಂಬಗಳಲ್ಲಿ ಟ್ರ್ಯಾಕ್ಟರಿಗೆಂದು ತಂದ ದೊಡ್ಡ ಬಕೆಟ್ಟಿನ ತೈಲವನ್ನೇ ಕಾರಿಗೂ ಸುರಿಯುವ ಪ್ರಲೋಭನೆ ಇರುತ್ತದೆ. ಟ್ರ್ಯಾಕ್ಟರ್ ಎಂಜಿನ್ ತೈಲ ಸಾಮಾನ್ಯವಾಗಿ 15ಡಬ್ಲ್ಯು-40ರಂತಹ ಮಂದ ದರ್ಜೆಯದು. ಬೂದಿಯ ಅಂಶವೂ ಅದರಲ್ಲಿ ಹೆಚ್ಚಿರಬಹುದು. ಟ್ರ್ಯಾಕ್ಟರಿನ ಗೇರ್, ಹೈಡ್ರಾಲಿಕ್ ಮತ್ತು ಬ್ರೇಕಿಗಾಗಿ ಮಾರುವ ತೈಲವಂತೂ ಎಂಜಿನ್ ತೈಲವೇ ಅಲ್ಲ. ಆ ಎರಡನ್ನು ಅದಲುಬದಲು ಮಾಡಿದರೆ ಕಾರಿನ ಎಂಜಿನ್ ಹಾಳಾಗಬಹುದು. ಬಕೆಟ್ಟುಗಳ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಿಡುವುದು ಸರಳವಾದ ಮುಂಜಾಗ್ರತೆ.

### ಎಥನಾಲ್ ಬೆರೆತ ಪೆಟ್ರೋಲ್

ಕಬ್ಬಿನ ಕಾಕಂಬಿ ಮತ್ತು ರಸದಿಂದ ತಯಾರಾಗುವ ಎಥನಾಲನ್ನು ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಬೆರೆಸಿ ಮಾರಲಾಗುತ್ತಿದೆ. ಎಥನಾಲ್ ನೀರನ್ನು ಹೀರುವ ಗುಣವುಳ್ಳದ್ದು. ಎಂಜಿನ್ ಪೂರ್ತಿ ಕಾಯದ ಚಿಕ್ಕ ಓಡಾಟಗಳಲ್ಲಿ ಅದರ ಅಂಶ ನೀರಿನೊಡನೆ ತೈಲಕ್ಕೆ ಸೇರುವ ಸಂಭವವಿದೆ. ಇಂತಹ ಬಳಕೆಯಲ್ಲಿ ಕೈಪಿಡಿ ಒಪ್ಪುವ ಹೊಸ ವರ್ಗದ ತೈಲವನ್ನು ಆರಿಸಿ, ಅವಧಿ ಮೀರದಂತೆ ಬದಲಿಸುವುದು ಯೋಗ್ಯ.

## ಆಯ್ಕೆಯ ಕ್ರಮ

1. ಕಾರಿನ ಕೈಪಿಡಿಯಲ್ಲಿ ‘ಎಂಜಿನ್ ಆಯಿಲ್’ ಪುಟವನ್ನು ತೆರೆದು ದರ್ಜೆ, ವರ್ಗ, ಪ್ರಮಾಣಗಳನ್ನು ಬರೆದುಕೊಳ್ಳುವುದು. ಕೈಪಿಡಿ ಕಳೆದಿದ್ದರೆ ತಯಾರಕರ ಜಾಲತಾಣದಲ್ಲಿ ಅಥವಾ ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸುವುದು. ಕೆಲವು ಕಾರುಗಳಲ್ಲಿ ತೈಲ ಹಾಕುವ ಮುಚ್ಚಳದ ಮೇಲೆಯೇ ದರ್ಜೆ ಅಚ್ಚಾಗಿರುತ್ತದೆ.
2. ಇಂಧನ ಮತ್ತು ತಯಾರಿಕೆಯ ವರ್ಷವನ್ನು ಖಚಿತಪಡಿಸಿಕೊಳ್ಳುವುದು. ಒಂದೇ ಹೆಸರಿನ ಕಾರಿನ ಪೆಟ್ರೋಲ್ ಮತ್ತು ಡೀಸೆಲ್ ಮಾದರಿಗಳಿಗೆ ಬೇರೆ ಬೇರೆ ತೈಲ ಬೇಕಾಗಬಹುದು.
3. ಕೈಪಿಡಿ ಎರಡು ದರ್ಜೆಗಳನ್ನು ಒಪ್ಪಿದ್ದರೆ ಮಾತ್ರ ಬಳಕೆಗೆ ತಕ್ಕಂತೆ ಆರಿಸುವುದು. ಸದಾ ಭಾರ ಹೊರುವ, ಘಾಟ್ ಏರುವ ಕಾರಿಗೆ ಅವುಗಳಲ್ಲಿ ಮಂದವಾದದ್ದು ಹೊಂದುತ್ತದೆ.
4. ವರ್ಗ ಕೈಪಿಡಿಯಲ್ಲಿರುವಷ್ಟೇ ಅಥವಾ ಅದಕ್ಕಿಂತ ಹೊಸದಾಗಿರಬೇಕು. ‘ಎಸ್‌ಎನ್’ ಕೇಳಿದ ಕಾರಿಗೆ ‘ಎಸ್‌ಪಿ’ ನಡೆಯುತ್ತದೆ. ‘ಎಸ್‌ಪಿ’ ಕೇಳಿದ ಕಾರಿಗೆ ‘ಎಸ್‌ಎಲ್’ ನಡೆಯದು.
5. ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಕೈಪಿಡಿ ಸೂಚಿಸಿದ ಕಡಿಮೆ ಬೂದಿಯ ತೈಲವನ್ನೇ ಕೊಳ್ಳುವುದು.
6. ಇವೆಲ್ಲ ಹೊಂದಿದ ಬಳಿಕ ಬೆಲೆ, ಬ್ರ್ಯಾಂಡ್ ಮತ್ತು ದೊರೆಯುವಿಕೆಯನ್ನು ನೋಡುವುದು.
7. ತೈಲದ ಜೊತೆಗೆ ತೈಲ ಶೋಧಕವನ್ನೂ ಬದಲಿಸಿ, ರಸೀದಿಯನ್ನು ಕಾಯ್ದಿಡುವುದು. ವಾರಂಟಿಯ ಅವಧಿಯಲ್ಲಿ ಈ ರಸೀದಿಯೇ ಆಧಾರ.

## ಮಟ್ಟದ ಪರೀಕ್ಷೆ ಮತ್ತು ಬದಲಾವಣೆ

ಭಾರತದಲ್ಲಿ ಮಾರಾಟವಾಗುವ ಅನೇಕ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಇವೆರಡರಲ್ಲಿ ಮೊದಲು ಬಂದದ್ದು, ಬದಲಾವಣೆಯ ಅವಧಿಯಾಗಿರುತ್ತದೆ. ಕಾರು ಹೆಚ್ಚು ಓಡದಿದ್ದರೂ ತೈಲ ಗಾಳಿ ಮತ್ತು ತೇವದ ಸಂಪರ್ಕದಿಂದ ಹಳತಾಗುವುದರಿಂದ ವರ್ಷದ ಮಿತಿಯನ್ನು ಕಡೆಗಣಿಸುವಂತಿಲ್ಲ.

ಮಟ್ಟವನ್ನು ನೋಡಲು ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ನಿಲ್ಲಿಸಿದ ಮೇಲೆ ಐದು ನಿಮಿಷ ಕಾಯಬೇಕು. ಅಳತೆಯ ಕಡ್ಡಿಯನ್ನು ಹೊರತೆಗೆದು ಒರೆಸಿ, ಮತ್ತೆ ಪೂರ್ತಿ ಒಳತೂರಿಸಿ ತೆಗೆದಾಗ ತೈಲದ ಗುರುತು ಎರಡು ಗೆರೆಗಳ ನಡುವೆ ಕಾಣಬೇಕು. ತೈಲ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಲವಾಗಿದ್ದರೆ ಇಂಧನ ಸೇರಿದೆ. ಮೇಲಿನ ಗೆರೆಯನ್ನು ಮೀರಿ ತುಂಬುವುದೂ ಹಾನಿಕರ. ಕ್ರ್ಯಾಂಕ್‌ಶಾಫ್ಟ್ ತೈಲವನ್ನು ಕಡೆದು ನೊರೆ ಎಬ್ಬಿಸಿದರೆ ಪದರ ಒಡೆಯುತ್ತದೆ.

ಫಲಕದಲ್ಲಿ ಎಣ್ಣೆಗಿಂಡಿಯ ಕೆಂಪು ದೀಪ ಹೊತ್ತಿದರೆ ಅದು ತೈಲದ ಒತ್ತಡ ಕುಸಿದಿರುವ ಸೂಚನೆ. ‘ಮುಂದಿನ ಊರಿನವರೆಗೆ ಹೋಗೋಣ’ ಎನ್ನದೆ ಕಾರನ್ನು ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಬೇರಿಂಗ್ ಕಚ್ಚಿಕೊಂಡು ಎಂಜಿನ್ ‘ಸೀಜ್’ ಆಗಲು ಕೆಲವೇ ನಿಮಿಷ ಸಾಕು. ಬಾಡಿಗೆ ಕಾರನ್ನೇ ನಂಬಿ ಬದುಕುವ ಕುಟುಂಬಕ್ಕೆ ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸುವ ಖರ್ಚಿನ ಜೊತೆಗೆ, ಕಾರು ನಿಂತಷ್ಟು ದಿನದ ದುಡಿಮೆಯೂ ನಷ್ಟವಾಗುತ್ತದೆ.

## ತಪ್ಪು ಕಲ್ಪನೆಗಳು

- ‘ಮಂದವಾದಷ್ಟೂ ಒಳ್ಳೆಯದು.’ ಸೂಚಿಸಿದ್ದಕ್ಕಿಂತ ಮಂದವಾದ ತೈಲ ನಿಧಾನವಾಗಿ ಹರಿಯುತ್ತದೆ, ಮೈಲೇಜ್ ತಗ್ಗಿಸುತ್ತದೆ, ಕವಾಟಗಳ ಸಮಯ ಬದಲಿಸುವ ವ್ಯವಸ್ಥೆಗೆ ಅಡ್ಡಿಯಾಗುತ್ತದೆ. ಸೂಚಿಸಿದ್ದಕ್ಕಿಂತ ತೆಳುವಾದದ್ದೂ ಅಷ್ಟೇ ತಪ್ಪು. ಭಾರ ಬಿದ್ದಾಗ ಅದರ ಪದರ ಹರಿಯಬಹುದು.
- ‘ಕಪ್ಪಾದ ತೈಲ ಕೆಟ್ಟಿದೆ.’ ಮಸಿಯನ್ನು ತೇಲಿಸಿಟ್ಟುಕೊಳ್ಳುವುದು ತೈಲದ ಕರ್ತವ್ಯ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ತೈಲ ಬಹುಬೇಗ ಕಪ್ಪಾಗುವುದು ಸಹಜ. ಬಣ್ಣದಿಂದ ಮಾತ್ರ ತೀರ್ಮಾನಕ್ಕೆ ಬರಲಾಗದು.
- ‘ಬೈಕ್ ಆಯಿಲ್ ಕಾರಿಗೂ ಆದೀತು.’ ಅನೇಕ ಬೈಕುಗಳಲ್ಲಿ ಎಂಜಿನ್, ಗೇರ್ ಮತ್ತು ಕ್ಲಚ್ ಒಂದೇ ತೈಲದಲ್ಲಿ ಮುಳುಗಿರುತ್ತವೆ. ಅವುಗಳಿಗೆ ಜಪಾನಿನ ‘ಜಾಸೊ ಎಂಎ’ ಮಾನದ ತೈಲ ಬೇಕು. ಕಾರಿನ ತೈಲ ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು.
- ‘ಬೇರೆ ಬ್ರ್ಯಾಂಡ್ ಬೆರೆಸಿದರೆ ಎಂಜಿನ್ ಕೆಡುತ್ತದೆ.’ ದಾರಿಯಲ್ಲಿ ತೈಲ ಕಡಿಮೆಯಾದಾಗ ಅದೇ ದರ್ಜೆ ಮತ್ತು ವರ್ಗದ ಬೇರೆ ಬ್ರ್ಯಾಂಡ್ ತೈಲವನ್ನು ಸ್ವಲ್ಪ ಸೇರಿಸುವುದು, ತೈಲವಿಲ್ಲದೆ ಓಡಿಸುವುದಕ್ಕಿಂತ ಎಷ್ಟೋ ಮೇಲು. ಇದನ್ನು ರೂಢಿ ಮಾಡಿಕೊಳ್ಳಬಾರದು, ಅಷ್ಟೇ.
- ‘ಹೊಗೆ ಬಂದರೆ ಮಂದ ಎಣ್ಣೆ ಹಾಕಿದರಾಯಿತು.’ ನೀಲಿ ಹೊಗೆ ಎಂದರೆ ತೈಲ ಉರಿಯುತ್ತಿದೆ. ಮಂದ ತೈಲ ಹೊಗೆಯನ್ನು ಕೆಲಕಾಲ ಮರೆಮಾಡಬಹುದು. ಸವೆದ ರಿಂಗ್ ಅಥವಾ ಕವಾಟದ ಸೀಲನ್ನು ಸರಿಪಡಿಸಲಾರದು.

## ನಕಲಿ ತೈಲ ಮತ್ತು ಗ್ರಾಹಕರ ಹಕ್ಕು

ಹೆಸರಾಂತ ಬ್ರ್ಯಾಂಡ್‌ಗಳ ಖಾಲಿ ಡಬ್ಬಿಗಳಲ್ಲಿ ಕಳಪೆ ತೈಲ ತುಂಬಿ ಮಾರುವ ವಂಚನೆ ಈ ವ್ಯಾಪಾರದ ದೊಡ್ಡ ಪಿಡುಗು. ಕೊಳ್ಳುವಾಗ ಮುಚ್ಚಳದ ಸೀಲು ಒಡೆದಿಲ್ಲವೆಂಬುದನ್ನೂ, ಬ್ಯಾಚ್ ಸಂಖ್ಯೆ ಅಳಿಸಿಲ್ಲವೆಂಬುದನ್ನೂ ನೋಡಬೇಕು. 2011ರ ಕಾನೂನು ಮಾಪನ ಪ್ಯಾಕೇಜು ಸರಕುಗಳ ನಿಯಮಗಳ ಪ್ರಕಾರ ತಯಾರಕರ ಹೆಸರು–ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು–ವರ್ಷ, ಗರಿಷ್ಠ ಮಾರಾಟ ಬೆಲೆ ಮತ್ತು ದೂರಿನ ಸಂಪರ್ಕ ಡಬ್ಬಿಯ ಮೇಲಿರಬೇಕು. ಗ್ಯಾರೇಜಿನಲ್ಲಿ ಡಬ್ಬಿಯನ್ನು ಕಣ್ಣೆದುರೇ ತೆರೆಸುವುದು, ಖಾಲಿಯಾದ ಡಬ್ಬಿಗೆ ತೂತು ಮಾಡಿ ಮರುಬಳಕೆ ತಪ್ಪಿಸುವುದು ಒಳ್ಳೆಯ ಅಭ್ಯಾಸ. ವಂಚನೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ನೀಡಬಹುದು.

## ಬಳಸಿದ ತೈಲದ ವಿಲೇವಾರಿ

ಕಾರಿನಿಂದ ಇಳಿಸಿದ ಕರಿ ತೈಲದಲ್ಲಿ ಲೋಹದ ಕಣಗಳೂ ಹಾನಿಕರ ರಾಸಾಯನಿಕಗಳೂ ಇರುತ್ತವೆ. ಗೆದ್ದಲು ಹತ್ತದಿರಲೆಂದು ಕಟ್ಟಿಗೆಗೆ ಬಳಿಯುವುದು, ಕಾಂಕ್ರೀಟ್ ಅಂಟದಿರಲೆಂದು ಸೆಂಟ್ರಿಂಗ್ ಹಲಗೆಗೆ ಹಚ್ಚುವುದು ಹಳೆಯ ರೂಢಿ. ಇವುಗಳಿಂದ ತೈಲ ಕಡೆಗೆ ಮಣ್ಣನ್ನೇ ಸೇರುತ್ತದೆ. ಚರಂಡಿಗೆ ಸುರಿದರೆ ಮಳೆಗಾಲದಲ್ಲಿ ಅದು ಹಳ್ಳ ಹಿಡಿದು ಘಟಪ್ರಭಾ, ಮಾರ್ಕಂಡೇಯ ಮತ್ತು ಹಿರಣ್ಯಕೇಶಿ ನದಿಗಳಿಗೆ ಹರಿಯುತ್ತದೆ. ಒಂದು ಗ್ಯಾಲನ್ ಬಳಸಿದ ತೈಲ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿದೆ.

ಭಾರತದಲ್ಲಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ತೈಲಕ್ಕೆ ಅನ್ವಯಿಸುತ್ತವೆ. 2023ರ ತಿದ್ದುಪಡಿಯ ಮೂಲಕ, 2024ರ ಏಪ್ರಿಲ್ 1ರಿಂದ ತೈಲ ಉತ್ಪಾದಕರ ಮೇಲೆ ಬಳಸಿದ ತೈಲದ ಮರುಸಂಸ್ಕರಣೆಯ ಹೊಣೆಯನ್ನೂ ವಿಧಿಸಲಾಗಿದೆ. ಸರಿಯಾಗಿ ಸಂಸ್ಕರಿಸಿದರೆ ಬಳಸಿದ ತೈಲದಿಂದ ಮತ್ತೆ ಮೂಲ ತೈಲ ಪಡೆಯಬಹುದು. ಮನೆಯಲ್ಲಿ ತಾವೇ ತೈಲ ಬದಲಿಸುವವರು ಹಳೆಯದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ನೀರು ಅಥವಾ ಬ್ರೇಕ್ ದ್ರವ ಬೆರೆಸದೆ, ಅಧಿಕೃತ ಸಂಗ್ರಾಹಕರಿಗೆ ಕೊಡುವ ಸೇವಾ ಕೇಂದ್ರಕ್ಕೆ ಒಪ್ಪಿಸುವುದು ಸೂಕ್ತ.

## ಇವನ್ನೂ ನೋಡಿ

- ಅಂತರ್ದಹನ ಎಂಜಿನ್
- ಸ್ನಿಗ್ಧತೆ
- ಘರ್ಷಣೆ
- ಪೆಟ್ರೋಲಿಯಂ
- ಎಥನಾಲ್
- ಘಟಪ್ರಭಾ ನದಿ
- ಗೋಕಾಕ
- ಮೂಡಲಗಿ
- ಹುಕ್ಕೇರಿ